ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳ ಶಿಕ್ಷಣವೂ ಯಾದಗಿರಿ ಸೀಮೆಯೂ

ಸುರಪುರ ಸೀಮೆಯ ಮುದನೂರು ಬಸವಪೂರ್ವಯುಗದ ವಚನಕಾರ ಜೇಡರ ದಾಸಿಮಯ್ಯನ ಊರೆಂಬುದು ಶರಣ ಸಾಹಿತ್ಯದ ಅಭ್ಯಾಸಿಗಳಿಗೆ ವಿದಿತವೇ ಇದೆ. ಅಲ್ಲಿಯ ರಾಮನಾಥನೇ ಆತನ ಅಂಕಿತದ ದೈವ. ದೇಹದ ಮೇಲಿನ ಕುರುಹುಗಳನ್ನು ಕಂಡು ಲೋಕವು ಸ್ತ್ರೀ ಎಂದೂ ಪುರುಷನೆಂದೂ ಹೆಸರಿಡುತ್ತದೆಯಲ್ಲದೆ ಒಳಗಿನ ಚೈತನ್ಯಕ್ಕೆ ಆ ಹೆಸರು ತಗುಲುವುದಿಲ್ಲವೆಂಬ ವಿಚಾರವನ್ನು ಆತನು ಸ್ಪಷ್ಟವಾದ ಮಾತಿನಲ್ಲಿ ಹೇಳಿಟ್ಟಿದ್ದಾನೆ. ಆ ವಚನವನ್ನು ಸ್ತ್ರೀಸಮಾನತೆಯ ಸಂದರ್ಭದಲ್ಲಿ ಎತ್ತಿ ಹೇಳುವ ವಾಡಿಕೆ ಬಹುಕಾಲದಿಂದ ಬೆಳೆದುಬಂದಿದೆ. ಆದರೆ ಅದೇ ಮುದನೂರಿನ ಸುತ್ತಲಿನ ಹಳ್ಳಿಗಳಲ್ಲಿ, ಗಂಡುಮಗನೆಂದು ಹೆಸರು ಹಚ್ಚಿಸಿಕೊಂಡು ಸಾಲೆಗೆ ಬಂದ ಮಗುವೊಂದು ತಾನು ಹೆಣ್ಣೆಂದು ತಿಳಿದು ನಡೆಯತೊಡಗಿದಾಗ, ಊರು ಆ ಮಗುವಿಗೆ ಯಾವ ಸ್ಥಾನವನ್ನು ಕೊಡುತ್ತದೆಂಬ ಪ್ರಶ್ನೆಗೆ ಆ ವಚನವನ್ನು ಹಚ್ಚಿ ನೋಡಿದವರು ವಿರಳ.

ಮೊದಲು ಶಬ್ದಗಳ ವಿಚಾರ. ಸರಕಾರದ ಕಾಗದಪತ್ರಗಳಲ್ಲಿ ಈಗ ರೂಢವಾಗಿರುವುದು 'ಲಿಂಗತ್ವ ಅಲ್ಪಸಂಖ್ಯಾತರು' ಎಂಬ ಪದ. ವೃತ್ತಪತ್ರಿಕೆಗಳು 'ತೃತೀಯ ಲಿಂಗಿ', 'ಮಂಗಳಮುಖಿ' ಎಂದು ಬರೆಯುತ್ತವೆ. ಉತ್ತರ ಕರ್ನಾಟಕದ ಜನ 'ಜೋಗಪ್ಪ', 'ಜೋಗತಿ' ಎನ್ನುತ್ತಾರೆ. ಆದರೆ ಇದು ಯಲ್ಲಮ್ಮ, ಹುಲಿಗೆಮ್ಮ ಮೊದಲಾದ ದೇವತೆಗಳಿಗೆ ಮುತ್ತು ಕಟ್ಟಿಸಿಕೊಂಡವರಿಗೆ ಮಾತ್ರ ಸಲ್ಲುವ ಹೆಸರು, ಎಲ್ಲರಿಗೂ ಅಲ್ಲ. 'ನಪುಂಸಕ' ಎಂಬುದು ವ್ಯಾಕರಣದಲ್ಲಿ ನಿರ್ದೋಷವಾದ ಪಾರಿಭಾಷಿಕ ಪದ. ಮನುಷ್ಯನಿಗೆ ಹಚ್ಚಿದೊಡನೆ ಬೈಗುಳವಾಗುತ್ತದೆ. ಇಷ್ಟಲಿಂಗದ ಪೂಜ್ಯಾರ್ಥದಲ್ಲಿ 'ಲಿಂಗ' ಶಬ್ದವನ್ನು ದಿನವೂ ಬಳಸುವ ಮನೆಗಳಲ್ಲಿ ಈ ಸರಕಾರೀ ಪದವು ಮೊದಲ ಸಲ ಕಿವಿಗೆ ಬಿದ್ದಾಗ ಕಸಿವಿಸಿಯಾಗುವುದೂ ಉಂಟು. ಇಲ್ಲಿ ಅದು ವ್ಯಾಕರಣದ ಲಿಂಗವೆಂದು ತಿಳಿದರೆ ಸಾಕು.

ಹುಟ್ಟಿದಾಗ ಸೂಲಗಿತ್ತಿಯೋ ದಾದಿಯೋ ಹೇಳಿದ ಲಿಂಗಕ್ಕೂ, ಬೆಳೆದ ಮೇಲೆ ಆ ವ್ಯಕ್ತಿಗೆ ತನ್ನ ಕುರಿತು ಇರುವ ದೃಢವಾದ ಅರಿವಿಗೂ ಹೊಂದಿಕೆ ಇಲ್ಲದಿರುವುದೇ ಇಲ್ಲಿಯ ವಿಷಯ. ಇದು ಎರಡೂ ಕಡೆಗೆ ಸಂಭವಿಸುತ್ತದೆ: ಗಂಡೆಂದು ಬರೆಸಲ್ಪಟ್ಟು ಹೆಣ್ಣಾಗಿ ಬಾಳುವವರು ಇರುವಂತೆ, ಹೆಣ್ಣೆಂದು ಬರೆಸಲ್ಪಟ್ಟು ಗಂಡಾಗಿ ಬಾಳುವವರೂ ಇದ್ದಾರೆ. ಎರಡನೆಯವರು ಸಮಾಜದ ಕಣ್ಣಿಗೆ ಬೀಳುವುದು ಕಡಿಮೆ, ಏಕೆಂದರೆ ಅವರ ಬಾಯಿ ತೆರೆಯುವ ಮೊದಲೇ ಲಗ್ನ ನಿಶ್ಚಯವಾಗಿರುತ್ತದೆ. ಜನ್ಮತಃ ದೇಹರಚನೆಯಲ್ಲಿಯೇ ವ್ಯತ್ಯಾಸವಿರುವ ಮಕ್ಕಳ ಸಂಗತಿ ಬೇರೆ. ಎರಡನ್ನೂ ಒಂದೆಂದು ತಿಳಿಯುವುದು ಸಾಮಾನ್ಯವಾದ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗವರ್ಗೀಕರಣದ ಹನ್ನೊಂದನೆಯ ಪರಿಷ್ಕರಣದಲ್ಲಿ ಈ ಸ್ಥಿತಿಯನ್ನು ಮನೋರೋಗಗಳ ಪಟ್ಟಿಯಿಂದ ಹೊರಗಿಟ್ಟಿತು. ಹಿಡಿದು ಹೊಡೆದು, ತಾಯಿತ ಕಟ್ಟಿ, ಹರಕೆ ಹೊತ್ತು ತಿದ್ದಬಹುದಾದ ದುರಭ್ಯಾಸ ಇದಲ್ಲವೆಂಬುದು ವೈದ್ಯಶಾಸ್ತ್ರದ ಈಗಿನ ನಿಲುವು.

ಸಂಖ್ಯೆಗಳನ್ನು ಕುರಿತು ಒಂದೆರಡು ಮಾತು. 2011ರ ಜನಗಣತಿಯಲ್ಲಿ ಮೊದಲ ಬಾರಿಗೆ ಸ್ತ್ರೀ-ಪುರುಷರಲ್ಲದೆ 'ಇತರೆ' ಎಂಬ ಮೂರನೆಯ ಸಂಕೇತವನ್ನು ಕೊಡಲಾಯಿತು. ದೇಶದಲ್ಲಿ 4,87,803 ಜನ, ಕರ್ನಾಟಕದಲ್ಲಿ 20,266 ಜನ ಆ ಅಂಕಣದಲ್ಲಿ ದಾಖಲಾದರು. ದೇಶದ ಆ ಸಂಖ್ಯೆಯಲ್ಲಿ 54,854 ಮಕ್ಕಳು ಆರು ವರ್ಷದೊಳಗಿನವರು. ಮನೆಯ ಹಿರಿಯರು ಗಣತಿದಾರರ ಮುಂದೆ ತಮ್ಮ ಹಸುಗೂಸಿನ ಬಗ್ಗೆ ಹೀಗೆ ಬರೆಸಿದರೆಂಬುದು ಆಶ್ಚರ್ಯಕರವಾದ ಸಂಗತಿಯೇ ಸರಿ. ಅದರ ಅರ್ಥವನ್ನು ಯಾರೂ ಪೂರ್ತಿಯಾಗಿ ಬಿಡಿಸಿಲ್ಲ. ಈ ವರ್ಗದಲ್ಲಿ ಸಾಕ್ಷರರ ಪ್ರಮಾಣ ಶೇಕಡ 56ರಷ್ಟು. ಆಗ ದೇಶದ ಸರಾಸರಿ ಶೇಕಡ 74 ಇತ್ತು. ಅದೇ ಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಒಟ್ಟು ಸಾಕ್ಷರತೆಯೇ ಶೇಕಡ 52ರ ಆಸುಪಾಸಿನಲ್ಲಿದ್ದು ರಾಜ್ಯದಲ್ಲಿ ಕಟ್ಟಕಡೆಯದಾಗಿತ್ತು. 2009ರ ಕೊನೆಗೆ ಗುಲ್ಬರ್ಗಾದಿಂದ ಬೇರ್ಪಟ್ಟು ಜಿಲ್ಲೆಯಾದ ಈ ಭಾಗದಲ್ಲಿ ಅಕ್ಷರವೆಂಬುದು ಎಲ್ಲ ಮಕ್ಕಳಿಗೂ ದುಬಾರಿಯಾದ ಪದಾರ್ಥ. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಸಾಲೆ ಬರಿದಾಗುತ್ತದೆ. ತಂದೆತಾಯಿಗಳು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೇ ಹೋದಾಗ ಮಕ್ಕಳೂ ಹೋಗುತ್ತಾರೆ. ಇಂಥ ನೆಲದಲ್ಲಿ ಸಾಲೆ ಬಿಡಲು ಇನ್ನೊಂದು ಹೆಚ್ಚಿನ ಕಾರಣವಿರುವ ಮಗುವಿನ ಗತಿಯನ್ನು ಊಹಿಸುವುದು ಕಷ್ಟವಲ್ಲ.

ಆ ಕಾರಣವು ದೊಡ್ಡ ಘಟನೆಯ ರೂಪದಲ್ಲಿ ಬರುವುದು ಅಪರೂಪ. ಅದು ದಿನನಿತ್ಯದ ಸಣ್ಣ ಸಂಗತಿಗಳಲ್ಲಿರುತ್ತದೆ. ಪ್ರಾರ್ಥನೆಗೆ ಗಂಡುಮಕ್ಕಳದೊಂದು ಸಾಲು, ಹೆಣ್ಣುಮಕ್ಕಳದೊಂದು ಸಾಲು. ಸಮವಸ್ತ್ರ ಎರಡೇ ಬಗೆ. ಶೌಚಾಲಯ ಎರಡೇ ಬಗೆ. ಗಂಡುಮಕ್ಕಳ ಶೌಚಾಲಯದಲ್ಲಿ ಪೀಡನೆಯ ಭಯ, ಹೆಣ್ಣುಮಕ್ಕಳದಕ್ಕೆ ಪ್ರವೇಶವಿಲ್ಲ. ಆದ್ದರಿಂದ ಮುಂಜಾನೆಯಿಂದ ಸಂಜೆಯವರೆಗೆ ನೀರು ಕುಡಿಯದೆ ಕೂಡುವ ಮಕ್ಕಳಿರುತ್ತಾರೆ. ಬಿಸಿಲಿಗೆ ಹೆಸರಾದ ಈ ಸೀಮೆಯಲ್ಲಿ ಅದರ ಪರಿಣಾಮವನ್ನು ವೈದ್ಯರೇ ಹೇಳಬೇಕಾಗಿಲ್ಲ. ಏಳನೆಯ ತರಗತಿಯ ತನಕ ನಗೆಯ ವಿಷಯವಾಗಿದ್ದ ನಡಿಗೆ, ಧ್ವನಿ, ಕೈ ಬೀಸುವ ಬಗೆ, ಎಂಟು ಒಂಬತ್ತನೆಯ ತರಗತಿಗೆ ಬರುವಷ್ಟರಲ್ಲಿ ಹೊಡೆತದ ವಿಷಯವಾಗುತ್ತದೆ. ಆಗ ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಸಾಲುಗಟ್ಟುತ್ತವೆ. ಸಾಲೆ ಬಿಟ್ಟ ಮಕ್ಕಳ ಪಟ್ಟಿಯಲ್ಲಿ ಕಾರಣದ ಅಂಕಣಕ್ಕೆ 'ವಲಸೆ', 'ಮನೆಗೆಲಸ', 'ಅನಾಸಕ್ತಿ' ಎಂಬ ರೂಢಿಯ ಮಾತು ಬೀಳುತ್ತದೆ. ನಿಜವಾದ ಕಾರಣ ಯಾವ ವಹಿಯಲ್ಲಿಯೂ ಬರುವುದಿಲ್ಲ.

ಈ ವಿಷಯದಲ್ಲಿ ಕನ್ನಡ ಭಾಷೆಯೇ ಶಿಕ್ಷಕರಿಗೆ ಒಂದು ಉಪಾಯವನ್ನು ಒದಗಿಸಿಕೊಟ್ಟಿದೆ. ಕನ್ನಡದ 'ನಾನು', 'ನೀನು' ಎರಡಕ್ಕೂ ಲಿಂಗಭೇದವಿಲ್ಲ. ಭೇದವಿರುವುದು 'ಅವನು', 'ಅವಳು' ಎಂಬಲ್ಲಿ, ಮತ್ತು ಅದರೊಡನೆ ಬರುವ ಕ್ರಿಯಾಪದದಲ್ಲಿ. ಬಹುವಚನದ 'ಅವರು' ಸ್ತ್ರೀಪುರುಷರಿಬ್ಬರಿಗೂ ಒಂದೇ. ಗೌರವಾರ್ಥದಲ್ಲಿ ಒಬ್ಬರಿಗೂ ಸಲ್ಲುತ್ತದೆ. ಹಿಂದಿಯಲ್ಲಿ ಈ ಅನುಕೂಲ ಇಲ್ಲ. ಅಲ್ಲಿ 'ನಾನು ಹೋಗುತ್ತೇನೆ' ಎನ್ನುವಾಗಲೇ ಆಡುವವರು ಗಂಡೋ ಹೆಣ್ಣೋ ಎಂಬುದು ಹೊರಬೀಳುತ್ತದೆ. ಹೀಗಾಗಿ ಶಿಕ್ಷಕರು ಮಗುವನ್ನು ನೇರವಾಗಿ ಹೆಸರು ಹಿಡಿದು ಕರೆದು, ಇತರರೊಡನೆ ಆ ಮಗುವಿನ ಬಗ್ಗೆ ಮಾತಾಡುವಾಗ ತುಸು ಎಚ್ಚರವಹಿಸಿದರೆ ಅರ್ಧ ಮುಜುಗರ ತಪ್ಪುತ್ತದೆ. ತೊಡಕು ಬರುವುದು ಪ್ರೀತಿಯ ಸಂಬೋಧನೆಗಳಲ್ಲಿ. ಈ ಭಾಗದ ಶಿಕ್ಷಕರು ಮಕ್ಕಳನ್ನು 'ಬಾರಪಾ', 'ಯಾಕ ತಮ್ಮಾ', 'ಯಾಕವಾ', 'ಬಾ ತಂಗಿ' ಎಂದು ಕರೆಯುವವರು. ಆ ಒಂದು ಮಾತು ಯಾವುದಾಗಬೇಕೆಂದು ಮಗುವನ್ನೇ ಏಕಾಂತದಲ್ಲಿ ಕೇಳಬಹುದು. ಇದಕ್ಕೆ ಸರಕಾರದ ಆದೇಶ ಬೇಕಾಗಿಲ್ಲ, ಖರ್ಚೂ ಇಲ್ಲ.

ಸಾಲೆ ಬಿಟ್ಟ ಮೇಲೆ ದಾರಿಗಳು ಕೆಲವೇ. ಹಿಂದೆ ಇದ್ದುದು ಮುತ್ತು ಕಟ್ಟಿಸಿ ಜೋಗತಿಯಾಗುವ ದಾರಿ. ಅದು ಒಂದು ಬಗೆಯ ಆಶ್ರಯವೂ ಹೌದು, ಮನೆಯಿಂದ ಹೊರಹಾಕುವ ಶಿಷ್ಟವಾದ ವಿಧಾನವೂ ಹೌದು. ದೇವಿಯೇ ಮೈದುಂಬಿದ್ದಾಳೆಂದು ನಂಬಿದಾಗ ತಂದೆತಾಯಿಗಳಿಗೆ ಊರೊಳಗೆ ತಲೆಯೆತ್ತಲು ಬರುತ್ತದೆ. ಮಗುವಿಗೆ ಸೀರೆ ಉಡುವ ಅನುಮತಿ ದೊರೆಯುತ್ತದೆ. ಪ್ರತಿಯಾಗಿ ಸಾಲೆ, ಆಸ್ತಿಯ ಪಾಲು, ಒಡಹುಟ್ಟಿದವರ ಒಡನಾಟ ಕೈಬಿಡುತ್ತವೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರು ಎಸ್.ಎಸ್.ಎಲ್.ಸಿ.ವರೆಗೆ ಓದಿದವರು. ಹುಲಿಗಿಯಲ್ಲಿ ಮುತ್ತು ಕಟ್ಟಿಸಿದ ಬಳಿಕ ಮನೆ ಬಿಟ್ಟು, ವಿಷ ಸೇವಿಸಿ ಬದುಕುಳಿದು, ಭಿಕ್ಷೆ ಬೇಡಿ, ಕಾಳವ್ವ ಜೋಗತಿಯವರಲ್ಲಿ ಜೋಗತಿ ನೃತ್ಯ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದರು. ಅವರ ಆತ್ಮಕಥನದ ಹೆಸರು 'ನಡುವೆ ಸುಳಿವ ಹೆಣ್ಣು'. ಮುದನೂರಿನ ವಚನಕಾರನ ಮಾತು ಅಲ್ಲಿ ತುಸು ತಿರುಗಿ ನಿಂತಿರುವುದನ್ನು ವಾಚಕರು ಗಮನಿಸಬಹುದು. ಇಂಥ ಒಂದು ಉದಾಹರಣೆಯನ್ನು ಮುಂದಿಟ್ಟು ಪರಂಪರೆಯು ಎಲ್ಲರನ್ನೂ ಕಾಪಾಡಿದೆಯೆಂದು ಹೇಳುವವರಿದ್ದಾರೆ. ಆ ವಾದ ನಿಲ್ಲುವಂಥದಲ್ಲ. ಒಬ್ಬರು ಬದುಕುಳಿದುದು ಅವರ ಕಲೆಯಿಂದ, ಹೊರಹಾಕಿದವರ ಔದಾರ್ಯದಿಂದಲ್ಲ. 1982ರಲ್ಲಿ ರಾಜ್ಯವು ರೂಪಿಸಿದ ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆ ಸ್ತ್ರೀಯರ ಸಮರ್ಪಣೆಯನ್ನು ಮಾತ್ರ ಉದ್ದೇಶಿಸಿತ್ತು. ಗಂಡುಮಗನೆಂದು ಬರೆಸಲ್ಪಟ್ಟ ಬಾಲಕನಿಗೆ ಮುತ್ತು ಕಟ್ಟಿಸಿದರೆ ಅದು ಆ ಕಾಯ್ದೆಯ ಕಣ್ಣಿಗೆ ಬೀಳುತ್ತಿರಲಿಲ್ಲ.

ಇನ್ನೊಂದು ದಾರಿ ರೈಲಿನದು. ಮುಂಬಯಿಯಿಂದ ಮದ್ರಾಸಿಗೆ ಹೋಗುವ ಮಾರ್ಗ ಯಾದಗಿರಿಯ ಮೂಲಕವೇ ಹಾಯುತ್ತದೆ. ಹದಿನಾರು ಹದಿನೇಳರ ವಯಸ್ಸಿನಲ್ಲಿ ಹೊರಟವರು ದೊಡ್ಡ ನಗರಗಳಲ್ಲಿ ತಮ್ಮಂಥವರ ನಡುವೆ ಆಸರೆ ಪಡೆಯುತ್ತಾರೆ. ಭಿಕ್ಷಾಟನೆ, ಲೈಂಗಿಕ ವೃತ್ತಿ ಬಿಟ್ಟು ಬೇರೆ ಉದ್ಯೋಗಕ್ಕೆ ಬೇಕಾದ ಅಂಕಪಟ್ಟಿ ಅವರ ಕೈಯಲ್ಲಿರುವುದಿಲ್ಲ.

ರಾಜ್ಯಸತ್ತೆಯು ಈ ಜನರನ್ನು ಬಹುಕಾಲ ನೋಡಿದ್ದು ಸಂಶಯದ ಕಣ್ಣಿನಿಂದ. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಇವರಿಗೆಂದೇ ಒಂದು ಭಾಗವಿತ್ತು. 1860ರಲ್ಲಿ ಸುರಪುರ ಸಂಸ್ಥಾನವು ನಿಜಾಮರ ವಶಕ್ಕೆ ಹೋದ ಮೇಲೆ ಈ ಸೀಮೆಯೆಲ್ಲ ಹೈದರಾಬಾದಿನ ಆಳಿಕೆಗೆ ಒಳಪಟ್ಟಿತಷ್ಟೆ. ಅಲ್ಲಿಯ ಸರಕಾರವೂ 1329ನೆಯ ಫಸಲಿಯಲ್ಲಿ, ಅಂದರೆ 1919ರ ಸುಮಾರಿಗೆ, ಅದೇ ಮಾದರಿಯ ಕಾಯ್ದೆಯೊಂದನ್ನು ತಂದಿತು. ಬಾಲಕರನ್ನು ಅಪಹರಿಸುವರೆಂಬ ಸಂಶಯದ ಮೇಲೆ ಇವರ ಹೆಸರು, ವಾಸಸ್ಥಾನಗಳನ್ನು ವಹಿಯಲ್ಲಿ ಬರೆದಿಡುವುದು. ಹಾಗೆ ಬರೆದವರು ಹೆಣ್ಣುಡುಗೆಯುಟ್ಟು ಬೀದಿಯಲ್ಲಿ ಕಂಡರೆ ವಾರಂಟಿಲ್ಲದೆ ಹಿಡಿಯುವುದು. ಹದಿನಾರು ವರ್ಷದೊಳಗಿನ ಹುಡುಗ ಅವರ ಮನೆಯಲ್ಲಿದ್ದರೆ ಶಿಕ್ಷಿಸುವುದು. ತೆಲಂಗಾಣದಲ್ಲಿ ಉಳಿದುಕೊಂಡಿದ್ದ ಈ ಕಾಯ್ದೆಯನ್ನು ಅಲ್ಲಿಯ ಉಚ್ಚ ನ್ಯಾಯಾಲಯವು ಸಂವಿಧಾನಬಾಹಿರವೆಂದು ತಳ್ಳಿಹಾಕಿದ್ದು 2023ರ ಜುಲೈಯಲ್ಲಿ. ಕರ್ನಾಟಕದಲ್ಲಿಯಾದರೂ 2011ರಲ್ಲಿ ಪೋಲೀಸ್ ಕಾಯ್ದೆಗೆ 36-ಎ ಕಲಮನ್ನು ಸೇರಿಸಿ ಅದೇ ಬಗೆಯ ವಹಿಗೆ ಅವಕಾಶ ಮಾಡಲಾಗಿತ್ತು. ಪ್ರತಿಭಟನೆ, ದಾವೆಗಳ ನಂತರ 2016ರಲ್ಲಿ ಆ ಕಲಮಿನ ಮಾತನ್ನು ಬದಲಿಸಬೇಕಾಯಿತು. 'ಮಕ್ಕಳ ಕಳ್ಳರು' ಎಂಬ ಶಂಕೆ ಹಳ್ಳಿಗಳಲ್ಲಿ ಈಗಲೂ ಏಳುವುದಕ್ಕೆ ಇಂಥ ಕಾಯ್ದೆಗಳು ಕೊಟ್ಟ ಬಲವೂ ಒಂದು ಕಾರಣವಾಗಿರಬೇಕು.

ಕಾನೂನಿನ ದಿಕ್ಕು ತಿರುಗಿದ್ದು 2014ರ ಏಪ್ರಿಲ್ 15ರಂದು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ವ್ಯಕ್ತಿಯು ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕುಳ್ಳವನೆಂದು ಹೇಳಿ, ಈ ಸಮುದಾಯವನ್ನು ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದವರೆಂದು ಭಾವಿಸಿ ಮೀಸಲಾತಿ ಕೊಡಬೇಕೆಂದು ವಿಧಿಸಿತು. 2017ರಲ್ಲಿ ಕರ್ನಾಟಕವು ತನ್ನದೇ ನೀತಿಯನ್ನು ಅಂಗೀಕರಿಸಿತು. 2019ರಲ್ಲಿ ಸಂಸತ್ತು ಮಾಡಿದ ಕಾಯ್ದೆ 2020ರ ಜನವರಿ 10ರಿಂದ ಜಾರಿಗೆ ಬಂದಿತು. ಅದರ ಮೂಲಪಾಠದಂತೆ ಗುರುತಿನ ಪ್ರಮಾಣಪತ್ರವನ್ನು ಕೊಡುವ ಅಧಿಕಾರ ಜಿಲ್ಲಾಧಿಕಾರಿಗಳದು. ಹದಿನೆಂಟು ತುಂಬದವರ ಪರವಾಗಿ ತಂದೆತಾಯಿ ಅಥವಾ ಪೋಷಕರು ಅರ್ಜಿ ಸಲ್ಲಿಸಬೇಕು. ಕಾಯ್ದೆಗಳೂ ನಿಯಮಗಳೂ ತಿದ್ದುಪಡಿಗೆ ಒಳಗಾಗುವಂಥವು. ಆದಕಾರಣ ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವ ಕ್ರಮ ಯಾವುದೆಂಬುದನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತವಾಗಿ ವಿಚಾರಿಸಿಕೊಳ್ಳುವುದು ಕ್ಷೇಮ.

ಇಲ್ಲಿಯೇ ತೊಡಕಿನ ಗಂಟಿದೆ. ಹದಿನಾಲ್ಕರ ಮಗುವಿಗೆ ಪ್ರಮಾಣಪತ್ರ ಬೇಕಾದರೆ ತಂದೆತಾಯಿಗಳ ರುಜು ಬೇಕು. ಮಗುವನ್ನು ಹೊಡೆಯುವವರೂ ಬಹಳ ಸಲ ಅವರೇ. ಅದೇ ಕಾಯ್ದೆಯ 12ನೆಯ ಕಲಮು, ಲಿಂಗತ್ವದ ಕಾರಣದಿಂದ ಯಾವ ಮಗುವನ್ನೂ ತಂದೆತಾಯಿಗಳಿಂದ ಬೇರ್ಪಡಿಸಬಾರದೆಂದೂ, ನ್ಯಾಯಾಲಯದ ಆದೇಶವಿದ್ದರೆ ಮಾತ್ರ ಬೇರೆಡೆ ಇರಿಸಬಹುದೆಂದೂ ಹೇಳಿತು. ಮನೆಯಿಂದ ಮಗುವನ್ನು ಓಡಿಸದಂತೆ ತಡೆಯುವುದಕ್ಕೆ ಇದು ಒಳ್ಳೆಯ ಮಾತು; ಮನೆಯೇ ಸೆರೆಮನೆಯಾದ ಮಗುವಿಗೆ ಇದೇ ಅಗಳಿಯಾಗುತ್ತದೆ. ಮನೆಯಿಂದ, ಹಳ್ಳಿಯಿಂದ ಬಲವಂತವಾಗಿ ಹೊರಡಿಸುವುದನ್ನು ಕಾಯ್ದೆಯ 18ನೆಯ ಕಲಮು ಅಪರಾಧವೆಂದು ಎಣಿಸಿ, ಆರು ತಿಂಗಳಿಂದ ಎರಡು ವರ್ಷದವರೆಗಿನ ಶಿಕ್ಷೆಯನ್ನು ಗೊತ್ತುಪಡಿಸಿತು. ಊರ ಹಿರಿಯರು ಕೂಡಿ ಬಹಿಷ್ಕಾರ ಹಾಕುವ ಮೊದಲು ಇದನ್ನು ತಿಳಿದಿರಬೇಕು. ಮನೆಯಲ್ಲಿ ಹಿಂಸೆಗೊಳಗಾದ ಮಗುವಿಗೆ ಸದ್ಯಕ್ಕೆ ಎಟುಕುವುದು ಮಕ್ಕಳ ಸಹಾಯವಾಣಿ 1098, ಮತ್ತು ಬಾಲನ್ಯಾಯ ಕಾಯ್ದೆಯಡಿಯ ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿ. ಆದರೆ ಬಾಲಮಂದಿರಗಳೂ ಬಾಲಕರದು, ಬಾಲಕಿಯರದು ಎಂದೇ ಇವೆ.

ತಂದೆತಾಯಿಗಳೆಲ್ಲರೂ ಕ್ರೂರಿಗಳೆಂದು ಇದರ ಅರ್ಥವಲ್ಲ. ಅವರಿಗಿರುವುದು ಹೆಚ್ಚಾಗಿ ಹೆದರಿಕೆ: ಬೀಗರು ಏನೆಂದಾರು, ಉಳಿದ ಹೆಣ್ಣುಮಕ್ಕಳ ಲಗ್ನ ಹೇಗಾದೀತು ಎಂಬುದು. ಆ ಹೆದರಿಕೆಯನ್ನು ಇಳಿಸುವ ಶಕ್ತಿ ಅಧಿಕಾರಿಗಳಿಗಿಂತ ಹೆಚ್ಚಾಗಿ ಮನೆಗೆ ಬಂದುಹೋಗುವ ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ, ಊರಿನ ಮಠದ ಸ್ವಾಮಿಗಳು, ಸಾಲೆಯ ಮೇಲುಸ್ತುವಾರಿ ಸಮಿತಿಯ ಹಿರಿಯರು ಇವರಿಗಿದೆ. 'ಹುಡುಗನ ತಲೆ ಸರಿ ಮಾಡಿಸುತ್ತೇವೆ' ಎಂದು ಹಣ ಕೀಳುವವರ ಕಡೆಗೆ ಪಾಲಕರು ಹೋಗದಂತೆ ತಡೆಯುವುದು ಅವರ ಮೊದಲ ಕೆಲಸ. ಇಂಥ 'ಪರಿವರ್ತನೆ'ಯ ಚಿಕಿತ್ಸೆಯನ್ನು ವೃತ್ತಿದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು, ಮದ್ರಾಸ್ ಉಚ್ಚ ನ್ಯಾಯಾಲಯದ ನಿರ್ದೇಶನವನ್ನು ಅನುಸರಿಸಿ, 2022ರಲ್ಲಿ ಸಾರಿದೆ. ಸರಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ 'ಸ್ನೇಹಾ ಕ್ಲಿನಿಕ್'ಗಳಿವೆ; ಮನಸ್ಸಿನ ಸಂಕಟಕ್ಕೆ 14416 ಎಂಬ ಟೆಲಿ-ಮಾನಸ್ ದೂರವಾಣಿ ಕನ್ನಡದಲ್ಲಿಯೂ ಉತ್ತರಿಸುತ್ತದೆ. ಎಳೆಯರಿಗೆ ಬೇಕಾಗುವುದು ಶಸ್ತ್ರಚಿಕಿತ್ಸೆಯಲ್ಲ, ಕೇಳುವ ಕಿವಿ. ನಗರಗಳಿಗೆ ಓಡಿಹೋದ ಮಕ್ಕಳು ಅರೆಬರೆ ತಿಳಿದವರ ಕೈಯಲ್ಲಿ ಅಂಗಚ್ಛೇದ ಮಾಡಿಸಿಕೊಂಡು ಪ್ರಾಣಕ್ಕೆ ಎರವಾಗುವ ಅಪಾಯವನ್ನು ಊರಿನಲ್ಲಿ ಸಿಗುವ ಈ ಆಸರೆಯೇ ತಪ್ಪಿಸಬಲ್ಲದು.

ಸಾಲೆಗಳಿಗೆ ದಾರಿ ತೋರಬೇಕಾದ ಕೈಪಿಡಿಯೊಂದರ ಕಥೆ ವಿಚಿತ್ರವಾಗಿದೆ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು 2021ರಲ್ಲಿ ಇಂಥ ಮಕ್ಕಳನ್ನು ಸಾಲೆಯಲ್ಲಿ ಒಳಗೊಳ್ಳುವ ಬಗೆಯನ್ನು ಕುರಿತು ಶಿಕ್ಷಕರಿಗೆಂದು ಪುಸ್ತಕವೊಂದನ್ನು ಸಿದ್ಧಪಡಿಸಿತು. ಆಕ್ಷೇಪಣೆಗಳು ಬಂದ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಹೆಣ್ಣುಮಕ್ಕಳ ಜೊತೆಗೆ ಇವರ ಹೆಸರನ್ನೂ ಹೇಳಿ ಲಿಂಗತ್ವ ಸೇರ್ಪಡೆಯ ನಿಧಿಯನ್ನು ಸೂಚಿಸಲಾಯಿತು. ಕೇಂದ್ರ ಸರಕಾರದ 'ಸ್ಮೈಲ್' ಯೋಜನೆ 2022ರ ಫೆಬ್ರುವರಿಯಲ್ಲಿ ಆರಂಭವಾದಾಗ ಒಂಬತ್ತನೆಯ ತರಗತಿಯಿಂದ ಸ್ನಾತಕೋತ್ತರದವರೆಗೆ ವರ್ಷಕ್ಕೆ 13,500 ರೂಪಾಯಿಗಳ ವಿದ್ಯಾರ್ಥಿವೇತನವನ್ನು ಗೊತ್ತುಪಡಿಸಿತ್ತು. ಒಂಬತ್ತನೆಯ ತರಗತಿಯಿಂದ! ಎಂಟರಲ್ಲಿಯೇ ಸಾಲೆ ಬಿಟ್ಟವರಿಗೆ ಅದು ತಲುಪುವ ಬಗೆ ಹೇಗೆ? 2013ರಿಂದ ರಾಜ್ಯದಲ್ಲಿರುವ 'ಮೈತ್ರಿ' ಮಾಸಾಶನ ವಯಸ್ಕರಿಗೆ. 2023ರ ಜೂನ್‌ನಲ್ಲಿ ಆರಂಭವಾದ 'ಶಕ್ತಿ' ಯೋಜನೆಯ ಬಸ್ಸು ಪ್ರಯಾಣ ಇವರಿಗೂ ಉಚಿತ. ಹುಣಸಗಿ, ವಡಗೇರಾ ಕಡೆಯ ಹಳ್ಳಿಗಳಿಂದ ಕಾಲೇಜಿಗೆ ಬರುವವರಿಗೆ ಇದು ಸಣ್ಣ ಸಹಾಯವಲ್ಲ.

ದಾಖಲೆಗಳ ವಿಷಯಕ್ಕೆ ಮುಖ್ಯೋಪಾಧ್ಯಾಯರು ವಿಶೇಷವಾಗಿ ಲಕ್ಷ್ಯ ಕೊಡಬೇಕು. ಸಾಲೆಯ ದಾಖಲಾತಿ ವಹಿಯಲ್ಲಿ ಬರೆದ ಹೆಸರೇ ಟಿ.ಸಿ.ಗೆ, ಅಂಕಪಟ್ಟಿಗೆ, ಮುಂದೆ ಎಲ್ಲ ಕಾಗದಗಳಿಗೆ ಮೂಲ. ಹತ್ತನೆಯ ತರಗತಿ ಮುಗಿಸಿ ಹೆಸರು ಬದಲಿಸಿಕೊಂಡವರು ನೌಕರಿಗೆ ಅರ್ಜಿ ಹಾಕಿದಾಗ ಅಂಕಪಟ್ಟಿಯ ವ್ಯಕ್ತಿ ಬೇರೆ, ಎದುರಿಗೆ ನಿಂತ ವ್ಯಕ್ತಿ ಬೇರೆ ಎಂಬ ತಕರಾರು ಬರುತ್ತದೆ. 2024ರ ಡಿಸೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಜನನ ಪ್ರಮಾಣಪತ್ರದ ಮೊಕದ್ದಮೆಯೊಂದರಲ್ಲಿ, ಹಳೆಯ ಮತ್ತು ಹೊಸ ಹೆಸರು, ಲಿಂಗ ಎರಡನ್ನೂ ತೋರಿಸುವ ಪ್ರಮಾಣಪತ್ರವನ್ನು ಕೊಡಬೇಕೆಂದು ಆದೇಶಿಸಿತು. ಹಳ್ಳಿಯ ಗ್ರಾಮ ಪಂಚಾಯತಿಯ ಮಟ್ಟಕ್ಕೆ ಈ ಆದೇಶದ ಅರಿವು ಇಳಿದುಬರಬೇಕು.

ವಸತಿನಿಲಯದ್ದು ಎಲ್ಲಕ್ಕಿಂತ ಕಠಿಣ ಪ್ರಶ್ನೆ. ಶಹಾಪುರ, ಸುರಪುರ, ಯಾದಗಿರಿ ಈ ಊರುಗಳಲ್ಲಿ ಬಡವರ ಮಕ್ಕಳು ಪ್ರೌಢಶಾಲೆ, ಕಾಲೇಜು ಮುಗಿಸುವುದು ಬಹುಪಾಲು ಸರಕಾರಿ ವಸತಿನಿಲಯಗಳ ಅನ್ನದಿಂದ. ಅವೆಲ್ಲ ಬಾಲಕರ ನಿಲಯ, ಬಾಲಕಿಯರ ನಿಲಯಗಳು. ಒಂದೆರಡು ಮಕ್ಕಳಿಗಾಗಿ ಪ್ರತ್ಯೇಕ ಕಟ್ಟಡ ಕಟ್ಟಲು ಬಾರದೆಂಬುದು ಅಧಿಕಾರಿಗಳ ವಾದ, ಅದು ಸುಳ್ಳಲ್ಲ. ಆದರೆ ನಿಲಯದಲ್ಲಿ ಮೇಲ್ವಿಚಾರಕರ ಕೋಣೆಯ ಪಕ್ಕದಲ್ಲಿ ಚಿಲಕವಿರುವ ಒಂದು ಸಣ್ಣ ಕೋಣೆ, ಬೇರೆ ಸ್ನಾನದ ಮನೆ ಇಷ್ಟಕ್ಕೆ ಕಟ್ಟಡ ಬೇಕಿಲ್ಲ. ಮಠಗಳು ನಡೆಸುವ ಪ್ರಸಾದನಿಲಯಗಳಿಗೂ ಈ ಪ್ರಶ್ನೆ ಅನ್ವಯಿಸುತ್ತದೆ. ಜಾತಿ ಕೇಳದೆ ಅನ್ನವಿಕ್ಕಿದ ಹೆಸರು ಅವುಗಳಿಗಿದೆ, ಈ ಮಗುವಿಗೆ ಅಲ್ಲಿ ಚಾಪೆ ಹಾಸುವರೋ ಇಲ್ಲವೋ ಎಂಬುದನ್ನು ಅವು ಇನ್ನೂ ನಿರ್ಧರಿಸಬೇಕಾಗಿದೆ.

ನಡುವೆ ಸಾಲೆ ಬಿಟ್ಟವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂಡಬಹುದು, ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಬರೆಯಬಹುದು, ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯವು 2017ರಲ್ಲಿ ಈ ವಿದ್ಯಾರ್ಥಿಗಳಿಗೆ ಶುಲ್ಕ ವಿನಾಯಿತಿಯನ್ನು ಪ್ರಕಟಿಸಿತ್ತು. 2021ರ ಜುಲೈಯಲ್ಲಿ ಕರ್ನಾಟಕ ಸರಕಾರವು ಸಿವಿಲ್ ಸೇವಾ ನೇಮಕಾತಿ ನಿಯಮಗಳನ್ನು ತಿದ್ದಿ, ಪ್ರತಿಯೊಂದು ಪ್ರವರ್ಗದೊಳಗೆ ಶೇಕಡ 1ರಷ್ಟು ಹುದ್ದೆಗಳನ್ನು ಇವರಿಗೆ ಮೀಸಲಿಟ್ಟಿತು; ದೇಶದಲ್ಲಿ ಮೊದಲು ಹೀಗೆ ಮಾಡಿದ್ದು ಈ ರಾಜ್ಯವೇ. ಮರುವರ್ಷದ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ ಈ ವರ್ಗದಿಂದ ಮೂವರು ಆಯ್ಕೆಯಾದರು, ಅವರಲ್ಲಿ ಒಬ್ಬರು ನೆರೆಯ ರಾಯಚೂರು ಜಿಲ್ಲೆಯವರು. ಯಾದಗಿರಿಯ ಮಕ್ಕಳಿಗೆ ಆ ಹುದ್ದೆಗಳು ದಕ್ಕಬೇಕಾದರೆ ಮೊದಲು ಎಂಟನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಆ ಹೆಸರು ವರ್ಷದ ಕೊನೆಯವರೆಗೆ ಉಳಿದಿರಬೇಕು.